ಪೊರೆಯೊಂದೇ ಅಲ್ಲ: ಮುಪ್ಪಿನ ಕಣ್ಣಿನ ಮೂರು ಕಾಯಿಲೆಗಳ ಚರಿತ್ರೆ

ನಮ್ಮ ಕಡೆ ಮನುಷ್ಯನಿಗೆ ನಲವತ್ತಾದರೆ ಕಣ್ಣಿಗೆ "ಚಾಳೀಸು" ಬಂತು ಎನ್ನುತ್ತಾರೆ. ಅರವತ್ತು ದಾಟಿದರೆ "ಪೊರೆ" ಬಂತು ಎನ್ನುತ್ತಾರೆ. ಚಾಳೀಸಿಗೆ ಕನ್ನಡಕ, ಪೊರೆಗೆ ಆಪರೇಷನ್. ಮುಪ್ಪಿನ ಕಣ್ಣಿನ ವಿಚಾರ ಇಷ್ಟಕ್ಕೇ ಮುಗಿಯಿತೆಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬರುವ ತಂದೆತಾಯಂದಿರ ಚೀಲದಲ್ಲಿ ಚಟ್ನಿಪುಡಿ, ಸಾರಿನಪುಡಿಗಳ ಜೊತೆಗೆ ಕಣ್ಣಿಗೆ ಹಾಕುವ ಹನಿಯ ಒಂದೆರಡು ಸೀಸೆಗಳೂ ಇರುತ್ತವೆ. "ಇದು ಯಾತಕ್ಕೆ?" ಎಂದು ಕೇಳಿದರೆ "ಪೊರೆಗೆ" ಎಂಬ ಉತ್ತರ ಬರುತ್ತದೆ. ಆದರೆ ಪೊರೆಯನ್ನು ಕರಗಿಸುವ ಹನಿ ಔಷಧ ಇಂದಿಗೂ ಇಲ್ಲ. ಆ ಸೀಸೆ ಬಹುಮಟ್ಟಿಗೆ ಗ್ಲಾಕೋಮಾದ್ದು. ಅದು ಪೊರೆಯದೆಂದು ತಿಳಿದವರು ಆಪರೇಷನ್ ಆಯಿತೆಂದರೆ ಸೀಸೆಯನ್ನು ಪಕ್ಕಕ್ಕಿಟ್ಟುಬಿಡುತ್ತಾರೆ. ಗ್ಲಾಕೋಮಾ ಮಾತ್ರ ತನ್ನ ಕೆಲಸ ನಿಲ್ಲಿಸುವುದಿಲ್ಲ.

ನಾನು ಕಣ್ಣಿನ ತಜ್ಞನಲ್ಲ. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿ ಇಂಟರ್ನಲ್ ಮೆಡಿಸಿನ್‌ನಲ್ಲಿ ರೆಸಿಡೆನ್ಸಿ ಮಾಡಿದವನು. ಆದರೂ ವಯಸ್ಸಾದವರ ಎಲ್ಲ ಔಷಧಗಳ ಲೆಕ್ಕ ಕೊನೆಗೆ ನನ್ನಂಥ ಸಾಮಾನ್ಯ ವೈದ್ಯನ ಮೇಜಿಗೇ ಬರುವುದರಿಂದ ಈ ಗೊಂದಲವನ್ನು ದಿನವೂ ನೋಡುತ್ತೇನೆ. ಇದು ಹಿರಿಯರ ತಪ್ಪಲ್ಲ. ಮಸೂರದ ಪೊರೆ, ಗ್ಲಾಕೋಮಾ, ಮ್ಯಾಕುಲಾದ ಸವೆತ ಈ ಮೂರನ್ನೂ ಬೇರೆಬೇರೆ ಎಂದು ಗುರುತಿಸಲು ವೈದ್ಯಶಾಸ್ತ್ರಕ್ಕೇ ಎರಡು ಸಾವಿರ ವರ್ಷಗಳ ಮೇಲೆ ಹಿಡಿಯಿತು. ಮೂರೂ ಒಬ್ಬರ ಕಣ್ಣಿಗೇ ಒಟ್ಟಿಗೆ ಬರಬಹುದೆಂಬ ತಿಳುವಳಿಕೆ ಅದಕ್ಕೂ ಈಚಿನದು. ಆ ಚರಿತ್ರೆಯನ್ನು ತಿಳಿದರೆ ನಮ್ಮ ಮನೆಯ ಹಿರಿಯರ ಕಣ್ಣಿನಲ್ಲಿ ಏನು ನಡೆದಿದೆ ಎಂಬುದೂ ತಿಳಿಯಾಗುತ್ತದೆ.

ಹೆಸರುಗಳ ಕಲಬೆರಕೆ

ಮೊದಲು ನಮ್ಮ ಸುಶ್ರುತನಿಂದಲೇ ಆರಂಭಿಸೋಣ. ಸುಶ್ರುತ ಸಂಹಿತೆಯ ಉತ್ತರತಂತ್ರ ಭಾಗವು 76 ಕಣ್ಣಿನ ರೋಗಗಳನ್ನು ಹೇಳುತ್ತದೆ. ದೃಷ್ಟಿ ಮಸುಕಾಗುವುದಕ್ಕೆ "ತಿಮಿರ" ಎಂದೂ, ಅದು ಬಲಿತು ದೃಷ್ಟಿ ಮುಚ್ಚಿಹೋಗುವುದಕ್ಕೆ "ಲಿಂಗನಾಶ" ಎಂದೂ ಹೆಸರು. ಲಿಂಗನಾಶದಲ್ಲಿ ಕಫದಿಂದ ಆದದ್ದನ್ನು ಮಾತ್ರ ಶಸ್ತ್ರದಿಂದ ಸರಿಪಡಿಸಬಹುದು, ಉಳಿದವನ್ನು ಮುಟ್ಟಬಾರದು ಎಂಬುದು ಅಲ್ಲಿನ ನಿಯಮ. ಜವೆಗೋಧಿಯ ಕಾಳಿನಂಥ ತುದಿಯುಳ್ಳ ಶಲಾಕೆಯಿಂದ ಕಣ್ಣಿನ ಬಿಳಿಯ ಭಾಗವನ್ನು ಚುಚ್ಚಿ, ಪಾಪೆಗೆ ಅಡ್ಡವಾಗಿರುವುದನ್ನು ಸರಿಸಿ, ತುಪ್ಪ ಸವರಿ ಬಟ್ಟೆ ಕಟ್ಟುತ್ತಿದ್ದರು. ಆಮೇಲೆ ರೋಗಿ ಕೆಮ್ಮಬಾರದು, ಸೀನಬಾರದು, ತೇಗಬಾರದು, ಉಗುಳಬಾರದು. ಕಣ್ಣಿನೊಳಗೆ ಒತ್ತಡ ಏರಬಾರದೆಂಬ ಈ ಎಚ್ಚರಿಕೆಯನ್ನು ಓದಿದಾಗ ಇಂದಿನ ವೈದ್ಯನೂ ತಲೆದೂಗುತ್ತಾನೆ. ಅದಕ್ಕಿಂತ ದೊಡ್ಡ ಮಾತೆಂದರೆ, ಎಲ್ಲ ಕುರುಡೂ ಒಂದೇ ಅಲ್ಲ, ಕೆಲವಕ್ಕೆ ಮಾತ್ರ ಸೂಜಿ ಎಂಬ ವಿವೇಕ ಅಷ್ಟು ಹಿಂದೆಯೇ ಇದ್ದದ್ದು.

ಗ್ರೀಸಿನಲ್ಲಿ ಹಿಪೊಕ್ರಟಿಸನ ಹೆಸರಿನಲ್ಲಿರುವ ಸೂತ್ರಗಳಲ್ಲಿ ಮುದುಕರ ಕಾಯಿಲೆಗಳ ಪಟ್ಟಿಯೊಂದಿದೆ. ಅದರಲ್ಲಿ "ಗ್ಲಾಕೋಸಿಸ್" ಎಂಬ ಪದ ಬರುತ್ತದೆ. "ಗ್ಲಾಕೋಸ್" ಎಂದರೆ ನೀಲಿ ಹಸಿರು ಬೆರೆತ ಬೂದು ಬಣ್ಣ. ಪಾಪೆಯಲ್ಲಿ ಆ ಬಣ್ಣ ಕಂಡ ಕಣ್ಣುಗಳಿಗೆಲ್ಲ ಒಂದೇ ಹೆಸರು. ಅವುಗಳಲ್ಲಿ ಇಂದಿನ ಲೆಕ್ಕದ ಪೊರೆಯೂ ಸೇರಿತ್ತು. ಅರಬ್ಬೀ ವೈದ್ಯರು ಪೊರೆಯನ್ನು "ನೀರು ಇಳಿಯುವುದು" ಎಂದು ಕರೆದರು. ಅದು ಲ್ಯಾಟಿನ್ನಿಗೆ ಹೋಗಿ ಜಲಪಾತ ಎಂಬ ಅರ್ಥದ "ಕ್ಯಾಟರಾಕ್ಟ್" ಆಯಿತು. ಹಿಂದಿಯವರು ಪೊರೆಗೆ "ಸಫೇದ್ ಮೋತಿಯಾ" ಎಂದೂ ಗ್ಲಾಕೋಮಾಕ್ಕೆ "ಕಾಲಾ ಮೋತಿಯಾ" ಎಂದೂ ಹೇಳುತ್ತಾರೆ. ಬಿಳಿ ಮುತ್ತು, ಕರಿ ಮುತ್ತು. ಕೇಳಿದವರಿಗೆ ಅಣ್ಣತಮ್ಮಂದಿರೆಂದೇ ಅನಿಸಬೇಕು. ನಮ್ಮ "ಪೊರೆ" ಎಂಬ ಪದವಂತೂ ಹಾವಿನ ಪೊರೆಯಂಥ ತೆಳುವಾದ ಚರ್ಮವೊಂದು ಕಣ್ಣಿನ ಮುಂದೆ ಬೆಳೆದಿದೆ ಎಂಬ ಚಿತ್ರವನ್ನೇ ಕೊಡುತ್ತದೆ. ಯುರೋಪಿನ ಪಂಡಿತರೂ ಬಹುಕಾಲ ಹಾಗೆಯೇ ನಂಬಿದ್ದರು.

ಪೊರೆ ಎಲ್ಲಿದೆ?

ಆ ನಂಬಿಕೆಗೆ ಒಂದು ಕಾರಣವಿತ್ತು. ಕಣ್ಣಿನ ಮಧ್ಯದ ಮಸೂರವೇ ನೋಡುವ ಅಂಗ ಎಂದು ಗ್ಯಾಲನ್ ಹೇಳಿದ್ದ. ನೋಡುವ ಅಂಗವನ್ನೇ ಸೂಜಿಯಿಂದ ಕೆಳಕ್ಕೆ ತಳ್ಳಿದರೆ ರೋಗಿಗೆ ಮತ್ತೆ ಕಾಣುವುದು ಹೇಗೆ? ಆದ್ದರಿಂದ ತಳ್ಳಲ್ಪಟ್ಟದ್ದು ಮಸೂರವಲ್ಲ, ಅದರ ಮುಂದಿನ ಪೊರೆ ಎಂದು ತರ್ಕ ಮಾಡಿದರು. 1604ರಲ್ಲಿ ಕೆಪ್ಲರ್ ಮಸೂರ ಬೆಳಕನ್ನು ಬಾಗಿಸುವ ಗಾಜು ಮಾತ್ರ, ಚಿತ್ರ ಬೀಳುವುದು ಹಿಂದಿನ ಅಕ್ಷಿಪಟಲದ ಮೇಲೆ ಎಂದು ತೋರಿಸಿದ. ಗ್ರಹಗಳ ಗಣಿತ ಮಾಡಿದವನೇ ಕಣ್ಣಿನ ಗಣಿತವನ್ನೂ ಬಿಡಿಸಿದ. ಆದರೂ ವೈದ್ಯರು ಇನ್ನೂ ನೂರು ವರ್ಷ ಹಳೆಯ ಮಾತನ್ನೇ ಹೇಳಿಕೊಂಡಿದ್ದರು.

1705ರಲ್ಲಿ ಪಿಯೆರ್ ಬ್ರಿಸೋ ಎಂಬ ಫ್ರೆಂಚ್ ವೈದ್ಯ, ತೀರಿಕೊಂಡ ಸೈನಿಕನೊಬ್ಬನ ಪೊರೆ ಬಂದ ಕಣ್ಣನ್ನು ಸೀಳಿ ನೋಡಿದ. ಒಳಗೆ ಬೇರೆ ಚರ್ಮವೇನೂ ಇರಲಿಲ್ಲ. ಮಸೂರವೇ ಗಟ್ಟಿಯಾಗಿ ಮಸುಕಾಗಿತ್ತು. ಪ್ಯಾರಿಸ್ಸಿನ ವಿದ್ವಾಂಸರು ಮೊದಲು ಇದನ್ನು ಒಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಒಪ್ಪಬೇಕಾಯಿತು. ಬ್ರಿಸೋ ಅಲ್ಲಿಗೇ ನಿಲ್ಲದೆ ಪೊರೆ ಬೇರೆ, ಗ್ಲಾಕೋಮಾ ಬೇರೆ ಎಂದೂ ವಾದಿಸಿದ. ಗ್ಲಾಕೋಮಾ ಮಸೂರದ ಹಿಂದಿನ ದ್ರವದ ಕಾಯಿಲೆ ಎಂದು ಅವನು ಹೇಳಿದ್ದು ಸರಿಯಲ್ಲ. ಆದರೆ ಎರಡನ್ನೂ ಬಿಡಿಸಿದ್ದು ಸರಿ. 1747ರಲ್ಲಿ ಜಾಕ್ ದಾವಿಯೆಲ್ ಮಸುಕಾದ ಮಸೂರವನ್ನು ಕೆಳಕ್ಕೆ ತಳ್ಳುವ ಬದಲು ಕಣ್ಣಿನಿಂದ ಹೊರಕ್ಕೇ ತೆಗೆದ. ಇಂದಿನ ಪೊರೆಯ ಶಸ್ತ್ರಚಿಕಿತ್ಸೆಯ ವಂಶವೃಕ್ಷ ಅಲ್ಲಿಂದ ಶುರು.

ಇಬ್ಬರು ಸಂಗೀತಗಾರರು

ಇದೇ ಹೊತ್ತಿನಲ್ಲಿ ಯುರೋಪಿನ ಇಬ್ಬರು ಮಹಾ ಸಂಗೀತಗಾರರು ಕಣ್ಣು ಕಳೆದುಕೊಂಡರು. ಇಬ್ಬರೂ 1685ರಲ್ಲಿ ಹುಟ್ಟಿದವರು. ಜಾನ್ ಟೇಲರ್ ಎಂಬ ಇಂಗ್ಲಿಷ್ ಕಣ್ಣಿನ ವೈದ್ಯ ಊರೂರು ತಿರುಗಿ, ಜಾಹೀರಾತು ಹಂಚಿ, ಜನರನ್ನು ಸೇರಿಸಿ ಆಪರೇಷನ್ ಮಾಡುತ್ತಿದ್ದ. 1750ರ ವಸಂತದಲ್ಲಿ ಲೈಪ್ಝಿಗ್ ನಗರದಲ್ಲಿ ಅವನು ಬಾಖನ ಕಣ್ಣಿಗೆ ಎರಡು ಸಲ ಶಸ್ತ್ರ ಹಾಕಿದ. ಬಾಖನಿಗೆ ದೃಷ್ಟಿ ಬರಲಿಲ್ಲ, ಆರೋಗ್ಯವೂ ಕುಸಿಯಿತು. ಜುಲೈ 28ರಂದು ತೀರಿಕೊಂಡ.

ಹ್ಯಾಂಡಲನ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 1751ರ ಫೆಬ್ರವರಿಯಲ್ಲಿ "ಜೆಫ್ತಾ" ಎಂಬ ಕೃತಿಯನ್ನು ಬರೆಯುತ್ತಿದ್ದಾಗ ಎಡಗಣ್ಣು ಸೋತದ್ದರಿಂದ ಕೆಲಸ ನಿಲ್ಲಿಸಬೇಕಾಯಿತೆಂದು ಹಸ್ತಪ್ರತಿಯಲ್ಲೇ ಗುರುತು ಹಾಕಿದ್ದಾನೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಸಾಮ್ಯುಯೆಲ್ ಶಾರ್ಪ್ ಪರೀಕ್ಷಿಸಿ "ಗುಟ್ಟಾ ಸೆರೇನಾ" ಎಂದ. ಪಾಪೆ ತಿಳಿಯಾಗಿದೆ, ಆದರೂ ದೃಷ್ಟಿ ಇಲ್ಲ ಎಂಬ ಸ್ಥಿತಿಗೆ ಆ ಕಾಲದ ಹೆಸರು ಅದು. ಪಾಪೆ ತಿಳಿಯಾಗಿದ್ದರೆ ತೊಂದರೆ ಮಸೂರದಲ್ಲಿಲ್ಲ, ಹಿಂದಿನ ನರದಲ್ಲೋ ಅಕ್ಷಿಪಟಲದಲ್ಲೋ ಇದೆ ಎಂದರ್ಥ. ಅಂಥ ಕಣ್ಣಿಗೆ ಸೂಜಿಯಿಂದ ಏನೂ ಆಗದು. ಆದರೂ 1752ರಲ್ಲಿ ಇನ್ನೊಬ್ಬ ಶಸ್ತ್ರವೈದ್ಯ ಸೂಜಿ ಹಾಕಿದ. 1758ರಲ್ಲಿ ಅದೇ ಜಾನ್ ಟೇಲರ್ ಮತ್ತೆ ಹಾಕಿದ. ಕಣ್ಣು ಬರಲಿಲ್ಲ. ಆ ಕುರುಡು ವರ್ಷಗಳಲ್ಲಿ ಹ್ಯಾಂಡಲ್ ಸಹಾಯಕನಿಗೆ ಹೇಳಿ ಬರೆಸಿದ, ನೆನಪಿನಿಂದ ಆರ್ಗನ್ ನುಡಿಸಿದ, 1759ರಲ್ಲಿ ಸಾಯುವ ಎಂಟು ದಿನ ಮೊದಲು ಸಹ ತನ್ನ "ಮೆಸ್ಸಾಯ"ದ ಕಛೇರಿಗೆ ಹೋಗಿದ್ದ.

ಈ ಕಥೆಯ ಪಾಠ ಒಂದು. ಕಣ್ಣಿನ ಮುಂಭಾಗದ ತೊಂದರೆಯನ್ನು ತೆಗೆದರೂ ಹಿಂಭಾಗ ಕೆಟ್ಟಿದ್ದರೆ ದೃಷ್ಟಿ ಬಾರದು. ಇಂದು ಆಪರೇಷನ್ ಆದ ಮೇಲೂ "ಅಷ್ಟೇನೂ ಕಾಣುತ್ತಿಲ್ಲ" ಎಂದು ಬೇಸರಪಡುವ ಎಷ್ಟೋ ಹಿರಿಯರ ಸಮಸ್ಯೆ ಇದೇ. ವೈದ್ಯರು ಸರಿಯಾಗಿ ಮಾಡಲಿಲ್ಲ ಎಂದು ಮನೆಯವರು ದೂರುತ್ತಾರೆ. ಪೊರೆ ಹೋಗಿದೆ, ಅದರ ಹಿಂದೆ ಅಡಗಿದ್ದದ್ದು ಉಳಿದಿದೆ.

ಕಣ್ಣಿನೊಳಗೆ ಬಿದ್ದ ಬೆಳಕು

ಜೀವಂತ ಮನುಷ್ಯನ ಕಣ್ಣಿನ ಹಿಂಭಾಗವನ್ನು ನೋಡುವ ಉಪಾಯ ದೊರೆತದ್ದು ಜರ್ಮನಿಯ ಹೆಲ್ಮ್‌ಹೋಲ್ಟ್ಸನಿಂದ. 1851ರಲ್ಲಿ ಅವನು ತನ್ನ ಆಫ್ತಾಲ್ಮೋಸ್ಕೋಪನ್ನು ಪ್ರಕಟಿಸಿದ. ರೋಗಿಯ ಕಣ್ಣಿಗೆ ಬೆಳಕು ಬಿಟ್ಟು, ಅದೇ ದಾರಿಯಲ್ಲಿ ಹಿಂತಿರುಗುವ ಬೆಳಕನ್ನು ವೈದ್ಯ ನೋಡುವ ಸರಳ ಸಾಧನ. ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷಗಳಲ್ಲಿ ಆದ ಪ್ರಗತಿ ಹಿಂದಿನ ಎರಡು ಸಾವಿರ ವರ್ಷಗಳಲ್ಲಿ ಆಗಿರಲಿಲ್ಲ.

ಗ್ಲಾಕೋಮಾದಲ್ಲಿ ಕಣ್ಣುಗುಡ್ಡೆ ಗಟ್ಟಿಯಾಗುತ್ತದೆ ಎಂಬುದನ್ನು 1622ರಷ್ಟು ಹಿಂದೆ ಇಂಗ್ಲೆಂಡಿನ ರಿಚರ್ಡ್ ಬ್ಯಾನಿಸ್ಟರ್ ಬೆರಳಿನಿಂದ ಒತ್ತಿ ತಿಳಿದು ಬರೆದಿದ್ದ. ಈಗ ಒಳಗೆ ನೋಡಿದಾಗ ಕಣ್ಣಿನ ನರದ ತುದಿ ಬಟ್ಟಲಿನಂತೆ ಗುಳಿಬಿದ್ದಿರುವುದು ಕಂಡಿತು. ಒತ್ತಡಕ್ಕೂ ಗುಳಿಗೂ ಸಂಬಂಧ ಕಲ್ಪಿಸಿದವರಲ್ಲಿ ಬರ್ಲಿನ್ನಿನ ಅಲ್ಬ್ರೆಕ್ಟ್ ಫಾನ್ ಗ್ರೇಫೆ ಮುಖ್ಯನು. 1857ರಲ್ಲಿ ಅವನು ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ ಸ್ವಲ್ಪ ಭಾಗ ಕತ್ತರಿಸಿ ತೀವ್ರ ಗ್ಲಾಕೋಮಾವನ್ನು ತಡೆಯುವ ಶಸ್ತ್ರಕ್ರಿಯೆಯನ್ನು ವಿವರಿಸಿದ. 1870ರ ದಶಕದಲ್ಲಿ ಒತ್ತಡ ಇಳಿಸುವ ಹನಿಗಳು ಬಂದವು. 1905ರಲ್ಲಿ ನಾರ್ವೆಯ ಶ್ಯೋಟ್ಸ್ ಒತ್ತಡ ಅಳೆಯುವ ಉಪಕರಣ ಮಾಡಿದ. 1978ರಲ್ಲಿ ಟಿಮೊಲಾಲ್, 1996ರಲ್ಲಿ ಲಟಾನೊಪ್ರಾಸ್ಟ್ ಅಮೆರಿಕದ ಅಂಗಡಿಗಳಿಗೆ ಬಂದವು. ನಮ್ಮ ಹಿರಿಯರ ಚೀಲದ ಸೀಸೆಯ ಮೇಲೆ ಇವೆರಡರಲ್ಲಿ ಒಂದರ ಹೆಸರು ಇರುವುದು ಹೆಚ್ಚು.

ಮೂರನೆಯದು ಮ್ಯಾಕುಲಾ. ಅಕ್ಷಿಪಟಲದ ನಟ್ಟನಡುವೆ ಇರುವ, ಕೆಲವೇ ಮಿಲಿಮೀಟರ್ ಅಗಲದ ಜಾಗ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. 1874ರಲ್ಲಿ ಲಂಡನ್ನಿನ ಹಚಿನ್ಸನ್ ಮತ್ತು ಟೇ ಎಂಬುವರು ವೃದ್ಧರ ಕಣ್ಣಿನ ನಡುಭಾಗದಲ್ಲಿ ಎರಡೂ ಕಡೆ ಸಮನಾಗಿ ಬರುವ ಕಲೆಗಳನ್ನು ವರ್ಣಿಸಿದರು. 1885ರಲ್ಲಿ ಸ್ವಿಟ್ಜರ್ಲೆಂಡಿನ ಓಟ್ಟೋ ಹಾಬ್ ಅದನ್ನು ಮುಪ್ಪಿನ ಮ್ಯಾಕುಲಾ ರೋಗವೆಂದು ಪ್ರತ್ಯೇಕಿಸಿದ. ಅಂದರೆ ಮೂರು ಕಾಯಿಲೆಗಳಿಗೂ ಮೂರು ವಿಳಾಸ ಸಿಕ್ಕಿತು. ಪೊರೆಗೆ ಮಸೂರ, ಗ್ಲಾಕೋಮಾಕ್ಕೆ ನರ, ಇದಕ್ಕೆ ಮ್ಯಾಕುಲಾ. ಪೊರೆ ಇಡೀ ನೋಟವನ್ನು ಮಂಜು ಮಾಡುತ್ತದೆ. ಗ್ಲಾಕೋಮಾ ನೋಟದ ಅಂಚುಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಮ್ಯಾಕುಲಾದ ಕಾಯಿಲೆ ನಡುವಿನಲ್ಲಿ ತೂತು ಮಾಡುತ್ತದೆ.

ಜಿನೀವಾದ ಅಜ್ಜನ ಬೊಂಬೆಯಾಟ

ಈಗ ಹಿಂದಕ್ಕೆ ಹೋಗಿ ಒಬ್ಬ ಅಜ್ಜನನ್ನು ನೋಡಿ ಬರೋಣ. ಚಾರ್ಲ್ಸ್ ಬಾನೆ ಎಂಬುವನು ಹದಿನೆಂಟನೆಯ ಶತಮಾನದ ಜಿನೀವಾದ ಪ್ರಕೃತಿ ವಿಜ್ಞಾನಿ. ಗಿಡದ ಹೇನುಗಳು ಗಂಡಿನ ಸಂಪರ್ಕವಿಲ್ಲದೆ ಮರಿ ಹಾಕುತ್ತವೆ ಎಂದು ಇಪ್ಪತ್ತರ ವಯಸ್ಸಿನಲ್ಲೇ ತೋರಿಸಿ ಹೆಸರಾದವನು. ಅವನ ತಾಯಿಯ ತಂದೆ ಚಾರ್ಲ್ಸ್ ಲುಲ್ಲಿನ್. ತೊಂಬತ್ತರ ಹತ್ತಿರದ ವಯಸ್ಸು. ಪೊರೆಗೆ ಶಸ್ತ್ರಚಿಕಿತ್ಸೆ ಆಗಿತ್ತು, ಆದರೂ ದೃಷ್ಟಿ ಮತ್ತೆ ಇಳಿದುಹೋಗಿತ್ತು. ಬುದ್ಧಿ, ನೆನಪು, ಮಾತು ಎಲ್ಲ ಚೆನ್ನಾಗಿಯೇ ಇದ್ದವು. 1758ರಲ್ಲಿ ಅವನಿಗೆ ಇಲ್ಲದ್ದು ಕಾಣಲು ಶುರುವಾಯಿತು. ಮೊದಲು ಒಂದು ನೀಲಿ ಕರವಸ್ತ್ರ. ಆಮೇಲೆ ಚೆನ್ನಾಗಿ ಉಟ್ಟುತೊಟ್ಟ ಹೆಂಗಸರು, ಗಾಡಿಗಳು, ಹಕ್ಕಿಗಳು, ಎತ್ತರದ ಕಟ್ಟಡಗಳು. ಯಾರೂ ಮಾತಾಡುವುದಿಲ್ಲ, ಸದ್ದಿಲ್ಲ. ಅಜ್ಜನಿಗೆ ಭಯವಾಗಲಿಲ್ಲ. ಇವು ನಿಜವಲ್ಲ ಎಂದು ತಿಳಿದೇ, ಬೊಂಬೆಯಾಟ ನೋಡಿದಂತೆ ನೋಡಿದ. ಕಂಡದ್ದನ್ನೆಲ್ಲ ಹೇಳಿ ಬರೆಸಿಯೂ ಇಟ್ಟ.

ಮೊಮ್ಮಗ ಬಾನೆ 1760ರಲ್ಲಿ ತನ್ನ ಪುಸ್ತಕದಲ್ಲಿ ಇದನ್ನು ದಾಖಲಿಸಿದ. ಮುಂದೆ ಅವನ ಕಣ್ಣೂ ಸೋತು ಅವನಿಗೂ ಇಂಥ ದೃಶ್ಯಗಳು ಕಂಡವು. ಅಜ್ಜ ಬರೆಸಿದ ಹಸ್ತಪ್ರತಿ 1902ರಲ್ಲಿ ಅಚ್ಚಾಯಿತು. 1936ರಲ್ಲಿ ದ ಮೊರ್ಸಿಯೇ ಎಂಬ ವೈದ್ಯ ಇದಕ್ಕೆ "ಚಾರ್ಲ್ಸ್ ಬಾನೆ ಸಿಂಡ್ರೋಮ್" ಎಂದು ಹೆಸರಿಟ್ಟ. ಕಣ್ಣಿನಿಂದ ಬರುವ ಸುದ್ದಿ ಕಡಿಮೆಯಾದಾಗ ಮೆದುಳಿನ ನೋಡುವ ಭಾಗ ಸುಮ್ಮನಿರದೆ ತಾನೇ ಚಿತ್ರಗಳನ್ನು ಹುಟ್ಟಿಸುತ್ತದೆ. 1998ರಲ್ಲಿ ಲಂಡನ್ನಿನ ಸಂಶೋಧಕರು ಇಂಥ ರೋಗಿಗಳ ಮೆದುಳನ್ನು ಸ್ಕ್ಯಾನ್ ಮಾಡಿ, ದೃಶ್ಯ ಕಾಣುವ ಹೊತ್ತಿಗೇ ಆ ಭಾಗ ಚುರುಕಾಗುವುದನ್ನು ತೋರಿಸಿದರು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಪೊರೆ, ಗ್ಲಾಕೋಮಾ, ಮ್ಯಾಕುಲಾ ಮೂರೂ ಸೇರಿ ದೃಷ್ಟಿ ಬಹಳ ಇಳಿದವರಲ್ಲಿ ಇದು ಅಪರೂಪವೇನಲ್ಲ. ಆದರೆ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಡುವುದಿಲ್ಲ. "ಅಂಗಳದಲ್ಲಿ ಮಕ್ಕಳು ಆಡುತ್ತಿದ್ದಾರೆ" ಎಂದು ಅಜ್ಜಿ ಒಮ್ಮೆ ಹೇಳಿದರೆ ಸಾಕು, ಮನೆಯವರು "ಅರುವತ್ತಕ್ಕೆ ಅರಳುಮರಳು" ಎಂದು ತೀರ್ಮಾನಿಸುತ್ತಾರೆ. ಊರಿನಲ್ಲಾದರೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಎರಡನೆಯ ಸಲ ಅಜ್ಜಿ ಹೇಳುವುದೇ ಇಲ್ಲ. ತನಗೆ ಹುಚ್ಚು ಹಿಡಿಯುತ್ತಿದೆ ಎಂಬ ಭಯವನ್ನು ಒಬ್ಬಳೇ ನುಂಗಿಕೊಂಡು ಕೂರುತ್ತಾಳೆ. "ಇದು ಕಣ್ಣಿನ ಕಾಯಿಲೆ, ಬುದ್ಧಿಯದಲ್ಲ" ಎಂಬ ಒಂದು ಮಾತೇ ಅರ್ಧ ಚಿಕಿತ್ಸೆ. ದೀಪ ಹಾಕುವುದು, ಕಣ್ಣು ಮಿಟುಕಿಸುವುದು, ನೋಟವನ್ನು ಎಡಬಲಕ್ಕೆ ಹೊರಳಿಸುವುದು ಇವುಗಳಿಂದ ಎಷ್ಟೋ ಸಲ ದೃಶ್ಯ ಕರಗುತ್ತದೆ. ಆದರೆ ದೃಶ್ಯದ ಜೊತೆಗೆ ಮಾತೂ ಕೇಳಿಸಿದರೆ, ಮರೆವು ಅಥವಾ ಗೊಂದಲ ಇದ್ದರೆ, ಬೇರೆ ಕಾರಣವಿರಬಹುದು, ವೈದ್ಯರಿಗೆ ತೋರಿಸಲೇಬೇಕು.

ನಮ್ಮ ನಾಡಿನ ಕಡೆಗೆ

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಬೇರು 1896ಕ್ಕೆ ಹೋಗುತ್ತದೆ. ಆದರೆ ಹಳ್ಳಿಯ ಜನಕ್ಕೆ ಕಣ್ಣಿನ ಡಾಕ್ಟರು ಎಂದರೆ ಡಾ. ಎಂ. ಸಿ. ಮೋದಿಯವರೇ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. 1943ರಿಂದ ಊರೂರಿನಲ್ಲಿ ಶಿಬಿರ ಹಾಕಿ, ಸಾಲಾಗಿ ಮಲಗಿಸಿದ ರೋಗಿಗಳಿಗೆ ಪೊರೆ ತೆಗೆದರು. 1993ರ ಫೆಬ್ರವರಿವರೆಗೆ 6,10,564 ಶಸ್ತ್ರಚಿಕಿತ್ಸೆ ಮಾಡಿದರೆಂದೂ, ಒಂದೇ ದಿನದಲ್ಲಿ 833 ಮಾಡಿದ್ದುಂಟೆಂದೂ ಗಿನ್ನೆಸ್ ಪುಸ್ತಕ ದಾಖಲಿಸಿದೆ. 2005ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ರಾಜಾಜಿನಗರದ ಕಡೆ ಬಸ್ಸಿನಲ್ಲಿ ಓಡಾಡಿದವರಿಗೆ "ಮೋದಿ ಆಸ್ಪತ್ರೆ" ಎಂಬ ನಿಲ್ದಾಣ ನೆನಪಿರಬೇಕು. ಮದುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಿಂದಲೇ, 1976ರಲ್ಲಿ 11 ಹಾಸಿಗೆಗಳ ಅರವಿಂದ್ ಆಸ್ಪತ್ರೆಯನ್ನು ಶುರುಮಾಡಿದರು.

ಅಂದಿನ ಶಿಬಿರಗಳಲ್ಲಿ ಪೊರೆಯೊಂದಿಗೆ ಮಸೂರ ಹೋಗುತ್ತಿತ್ತು, ಅದರ ಜಾಗಕ್ಕೆ ಏನೂ ಬರುತ್ತಿರಲಿಲ್ಲ. ಆದ್ದರಿಂದಲೇ ನಮ್ಮ ಅಜ್ಜಂದಿರ ಮೂಗಿನ ಮೇಲೆ ಆ ದಪ್ಪ ಸೋಡಾಬುಡ್ಡಿ ಕನ್ನಡಕ. ಕಣ್ಣಿನೊಳಗೇ ಮಸೂರ ಇಡುವ ಸಾಹಸವನ್ನು ಹೆರಾಲ್ಡ್ ರಿಡ್ಲಿ ಲಂಡನ್ನಿನಲ್ಲಿ 1949ರ ನವೆಂಬರ್ 29ರಂದು ಮಾಡಿದ್ದ. ಯುದ್ಧವಿಮಾನದ ಕಿಟಕಿಯ ಚೂರುಗಳು ಪೈಲಟ್‌ಗಳ ಕಣ್ಣಿನಲ್ಲಿ ಉಳಿದರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ನೋಡಿ ಅಂಥದೇ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿದ. 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಪೊರೆಯನ್ನು ಅಲ್ಟ್ರಾಸೌಂಡಿನಿಂದ ಪುಡಿಮಾಡಿ ಹೀರಿ ತೆಗೆಯುವ ವಿಧಾನ ತಂದ. 1992ರಲ್ಲಿ ಅರವಿಂದ್‌ನವರು ಆರೋಲ್ಯಾಬ್ ಎಂಬ ಕಾರ್ಖಾನೆ ಮಾಡಿ ಮಸೂರಗಳನ್ನು ಭಾರತದಲ್ಲೇ ತಯಾರಿಸಿದ ಮೇಲೆ ಬಡವರಿಗೂ ಅವು ಎಟುಕಿದವು.

ಶಿಬಿರಗಳು ಲಕ್ಷಾಂತರ ಜನಕ್ಕೆ ಬೆಳಕು ಕೊಟ್ಟವು ಎಂಬುದರಲ್ಲಿ ಸಂಶಯವಿಲ್ಲ. ಅದರ ಜೊತೆಗೇ "ಕಣ್ಣು ಕಾಣದಿದ್ದರೆ ಪೊರೆ, ಪೊರೆ ತೆಗೆದರೆ ಕಣ್ಣು" ಎಂಬ ಲೆಕ್ಕವೂ ಜನರ ಮನಸ್ಸಿನಲ್ಲಿ ಗಟ್ಟಿಯಾಯಿತು. ಪೊರೆ ತೆಗೆದ ಮೇಲೂ ಕಾಣದವರು ಗ್ರಹಚಾರವೆಂದು ಸುಮ್ಮನಾದರು. ಇಂದು ನಮ್ಮ ಹಿರಿಯರು ಎಂಬತ್ತು ತೊಂಬತ್ತರವರೆಗೆ ಬದುಕುತ್ತಾರೆ. ಒಂದೇ ಕಣ್ಣಿನಲ್ಲಿ ಎರಡು ಮೂರು ಕಾಯಿಲೆ ಸೇರುವುದು ಸಾಮಾನ್ಯವಾಗಿದೆ. ಜೊತೆಗೆ ನಮ್ಮವರಲ್ಲಿ ಸಕ್ಕರೆ ಕಾಯಿಲೆ ಬೇರೆ ಹೆಚ್ಚು. ಅದು ಅಕ್ಷಿಪಟಲವನ್ನು ಕೆಡಿಸಿದರೆ ನಾಲ್ಕನೆಯದೂ ಸೇರಿತು. ಹಳೆಯ ಲೆಕ್ಕ ಸಾಲದು.

ಎಲ್ಲವೂ ಒಟ್ಟಿಗೆ ಬಂದಾಗ

ಕಾಯಿಲೆಗಳು ಸೇರಿದಾಗ ಒಂದರ ಚಿಕಿತ್ಸೆ ಇನ್ನೊಂದನ್ನು ಮುಟ್ಟುತ್ತದೆ. ಕೆಲವೊಮ್ಮೆ ಇದು ಒಳ್ಳೆಯದಕ್ಕೆ. ವಯಸ್ಸಾದಂತೆ ಮಸೂರ ದಪ್ಪವಾಗಿ, ಕಣ್ಣಿನೊಳಗಿನ ನೀರು ಹೊರಹೋಗುವ ಕೋನವನ್ನು ಒತ್ತಿ ಮುಚ್ಚಬಹುದು. ಏಷ್ಯಾದ ಜನರಲ್ಲಿ ಈ ಬಗೆಯ ಗ್ಲಾಕೋಮಾ ಹೆಚ್ಚು. ಅಂಥವರಲ್ಲಿ ಮಸೂರ ತೆಗೆದರೆ ಕೋನ ತೆರೆದು ಒತ್ತಡವೂ ಇಳಿಯುತ್ತದೆ. 2016ರಲ್ಲಿ ಪ್ರಕಟವಾದ ಈಗಲ್ ಎಂಬ ಅಧ್ಯಯನ ಇದನ್ನು ದೃಢಪಡಿಸಿತು. ಕೆಲವೊಮ್ಮೆ ಕೆಟ್ಟದ್ದಕ್ಕೆ. ಪೊರೆಯ ಆಪರೇಷನ್ ನಂತರ ಕೊಡುವ ಸ್ಟೀರಾಯ್ಡ್ ಹನಿ ಕೆಲವರಲ್ಲಿ ಒತ್ತಡ ಏರಿಸುತ್ತದೆ. ಗ್ಲಾಕೋಮಾ ಇದ್ದವರು ಆ ವಾರಗಳಲ್ಲಿ ಒತ್ತಡ ನೋಡಿಸಿಕೊಳ್ಳುವುದನ್ನು ತಪ್ಪಿಸಬಾರದು.

ಮ್ಯಾಕುಲಾದ ಕಾಯಿಲೆಯಲ್ಲಿ ಒಣ ಬಗೆ, ಒಸರುವ ಬಗೆ ಎಂದು ಎರಡು. ಒಸರುವ ಬಗೆಗೆ ಬಹುಕಾಲ ಸಮಾಧಾನಕರ ಚಿಕಿತ್ಸೆ ಇರಲಿಲ್ಲ. 2006ರಲ್ಲಿ ರಾನಿಬಿಝುಮಾಬ್ ಬಂದ ಮೇಲೆ ಕಣ್ಣಿನೊಳಗೆ ಚುಚ್ಚುಮದ್ದು ಕೊಟ್ಟು ಎಷ್ಟೋ ಜನರ ಓದುವ ದೃಷ್ಟಿ ಉಳಿಸಲು ಸಾಧ್ಯವಾಯಿತು. ತಡವಾದರೆ ಮಾತ್ರ ಪ್ರಯೋಜನ ಕಡಿಮೆ. ಒಣ ಬಗೆಯಲ್ಲಿ ಮಧ್ಯಮ ಹಂತ ತಲುಪಿದವರಿಗೆ ಸತು ಮತ್ತು ವಿಟಮಿನ್‌ಗಳ ಒಂದು ಮಿಶ್ರಣ ರೋಗ ಮುಂದುವರಿಯುವ ಅಪಾಯವನ್ನು ಸುಮಾರು ಕಾಲು ಭಾಗ ತಗ್ಗಿಸುತ್ತದೆ ಎಂದು 2001ರಲ್ಲಿ ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆಯ ಅಧ್ಯಯನ ತೋರಿಸಿತು. ಅದರಲ್ಲಿದ್ದ ಬೀಟಾ ಕ್ಯಾರೊಟೀನ್ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುವುದರಿಂದ 2013ರ ಎರಡನೆಯ ಅಧ್ಯಯನದ ನಂತರ ಲ್ಯೂಟೀನ್ ಇರುವ ಮಿಶ್ರಣವನ್ನು ಹೇಳುತ್ತಾರೆ. ಅಂಗಡಿಯಲ್ಲಿ ಹಳೆಯ ಬಗೆಯ ಮಾತ್ರೆ ಸಿಕ್ಕರೆ ಸೀಸೆಯ ಮೇಲಿನ ಬರಹ ಓದಿ ಕೊಳ್ಳಿ. 2023ರಲ್ಲಿ ಒಣ ಬಗೆಯ ಕೊನೆಯ ಹಂತಕ್ಕೂ ಚುಚ್ಚುಮದ್ದುಗಳು ಬಂದಿವೆ. ಅವು ಸವೆತವನ್ನು ನಿಧಾನ ಮಾಡುತ್ತವೆ, ಹೋದ ದೃಷ್ಟಿಯನ್ನು ತರುವುದಿಲ್ಲ.

ಇನ್ನು ಸಾಮಾನ್ಯ ವೈದ್ಯನಾಗಿ ಕೆಲವು ಮಾತು:

1. ಪೊರೆಯ ಆಪರೇಷನ್‌ಗೆ ಮೊದಲು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇದು: "ಇವರಿಗೆ ಪೊರೆಯಿಂದ ಎಷ್ಟು ದೃಷ್ಟಿ ಹೋಗಿದೆ, ನರ ಮತ್ತು ಮ್ಯಾಕುಲಾದಿಂದ ಎಷ್ಟು?" ಉತ್ತರ ತಿಳಿದಿದ್ದರೆ ಆಮೇಲೆ ನಿರಾಸೆಯಿಲ್ಲ. ಮ್ಯಾಕುಲಾ ಅಥವಾ ನರ ಕೆಟ್ಟಿದ್ದರೆ ದುಬಾರಿಯ ಮಲ್ಟಿಫೋಕಲ್ ಮಸೂರ ಸಾಮಾನ್ಯವಾಗಿ ಒಳ್ಳೆಯದಲ್ಲ. ಬೆಳಕು ಹಂಚಿಹೋಗಿ ಇದ್ದ ಸ್ಪಷ್ಟತೆಯೂ ಕಡಿಮೆಯಾಗುತ್ತದೆ.

2. ಕಣ್ಣಿನ ಹನಿಯೂ ಔಷಧವೇ. ಟಿಮೊಲಾಲ್ ರಕ್ತಕ್ಕೆ ಸೇರಿ ಉಬ್ಬಸವನ್ನು ಕೆರಳಿಸಬಹುದು, ನಾಡಿಯನ್ನು ನಿಧಾನ ಮಾಡಬಹುದು. ಔಷಧಗಳ ಪಟ್ಟಿ ಕೇಳಿದಾಗ ಹನಿಗಳನ್ನೂ ಹೇಳಿ. ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿದರೆ ರಕ್ತಕ್ಕೆ ಸೇರುವುದು ಕಡಿಮೆ. ಎರಡು ಬಗೆಯ ಹನಿಗಳ ನಡುವೆ ಐದು ನಿಮಿಷ ಬಿಡಿ.

3. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಂಡಿರುವ ಗಂಡಸರು ಪೊರೆಯ ಶಸ್ತ್ರವೈದ್ಯರಿಗೆ ಮೊದಲೇ ಹೇಳಬೇಕು. ಆ ಮಾತ್ರೆ ಪಾಪೆಯ ಪರದೆಯನ್ನು ಸಡಿಲ ಮಾಡುತ್ತದೆ ಎಂದು 2005ರಲ್ಲಿ ಗೊತ್ತಾಯಿತು. ತಿಳಿದಿದ್ದರೆ ವೈದ್ಯರು ಸಿದ್ಧರಾಗಿ ಬರುತ್ತಾರೆ.

4. ಗ್ಲಾಕೋಮಾ ಇರುವವರ ಮಕ್ಕಳೂ ಒಡಹುಟ್ಟಿದವರೂ ನಲವತ್ತರ ನಂತರ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಲ್ಲಿರುವ ನಮ್ಮ ಪೀಳಿಗೆಗೆ ಈ ಮಾತು.

5. ಮ್ಯಾಕುಲಾ ಕಾಯಿಲೆಯವರು ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್ಲರ್ ರೂಪಿಸಿದ ಚೌಕಳಿ ಹಾಳೆಯನ್ನು ಒಂದೊಂದೇ ಕಣ್ಣಿನಿಂದ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು. ನೇರ ಗೆರೆ ಡೊಂಕಾಗಿ ಕಂಡರೆ ಮುಂದಿನ ತಿಂಗಳ ಅಪಾಯಿಂಟ್‌ಮೆಂಟಿಗೆ ಕಾಯದೆ ಫೋನ್ ಮಾಡಿ.

6. ತಂದೆತಾಯಿಯವರು ಊರಿನಿಂದ ಹೊರಡುವ ಮೊದಲು ಕಣ್ಣಿನ ವೈದ್ಯರಿಂದ ಒತ್ತಡದ ಅಂಕಿ, ನರದ ಚಿತ್ರ, ಔಷಧದ ಹೆಸರು ಇವನ್ನು ಬರೆಸಿ ತರಲಿ. ಆರು ತಿಂಗಳಿಗೆ ಬೇಕಾಗುವಷ್ಟು ಹನಿಯನ್ನೂ ತರಲಿ. ಹಳೆಯ ಕಾಯಿಲೆಗಳಿಗೆ ಪ್ರವಾಸಿಗರ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಕೊನೆಯದಾಗಿ, ಔಷಧದಿಂದಲೂ ಶಸ್ತ್ರದಿಂದಲೂ ಆಗುವಷ್ಟು ಆದ ಮೇಲೆ ಉಳಿದ ದೃಷ್ಟಿಯಲ್ಲಿ ಬದುಕುವುದೂ ಒಂದು ವಿದ್ಯೆ. ಈ ದೇಶದಲ್ಲಿ ಅದಕ್ಕೆ ಲೋ ವಿಷನ್ ಕ್ಲಿನಿಕ್‌ಗಳಿವೆ. ಕೇಳಿ ಹೆಸರು ಬರೆಸಿಕೊಳ್ಳಿ. ಮನೆಯಲ್ಲಿ ನಾವೇ ಮಾಡಬಹುದಾದ್ದೂ ಬಹಳವಿದೆ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಅಂಟಿಸಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಬಿಳಿಯ ಅನ್ನ, ಮೇಲೆ ಮೊಸರು ಹಾಕಿದರೆ ಅಜ್ಜಿಗೆ ತಟ್ಟೆಯಲ್ಲಿ ಏನಿದೆಯೆಂದೇ ಕಾಣದು. ಊಟ ಸೇರುತ್ತಿಲ್ಲ ಎಂದು ನಾವು ತಿಳಿಯುತ್ತೇವೆ. ಅದೇ ಅನ್ನವನ್ನು ಬಾಳೆಲೆಯ ಮೇಲೋ ಹಸಿರು ತಟ್ಟೆಯಲ್ಲೋ ಬಡಿಸಿ ನೋಡಿ. ಮ್ಯಾಕುಲಾ ಹೋದವರಿಗೆ ನಿಮ್ಮ ಮುಖ ಕಾಣುವುದಿಲ್ಲ. ಕೋಣೆಗೆ ಬಂದೊಡನೆ "ನಾನಮ್ಮ" ಎಂದು ಹೆಸರು ಹೇಳಿ. ಗ್ಲಾಕೋಮಾದವರಿಗೆ ಪಕ್ಕದಿಂದ ಬಂದವರು ಕಾಣುವುದಿಲ್ಲ, ಎದುರಿನಿಂದ ಬನ್ನಿ.

ಸುಶ್ರುತನಿಂದ ಇಂದಿನವರೆಗಿನ ಈ ಚರಿತ್ರೆಯಲ್ಲಿ ಪ್ರತಿ ಹೆಜ್ಜೆಯೂ ಒಂದು ಹೆಸರಿನಡಿ ಅಡಗಿದ್ದ ಇನ್ನೊಂದು ಕಾಯಿಲೆಯನ್ನು ಬಿಡಿಸಿ ನೋಡಿದ್ದು. ಮುಂದಿನ ಸಲ ಮನೆಯ ಹಿರಿಯರು "ಏನಿಲ್ಲಪ್ಪ, ಸ್ವಲ್ಪ ಪೊರೆ" ಎಂದರೆ ಅಲ್ಲಿಗೇ ಬಿಡಬೇಡಿ. "ಪೊರೆಯ ಜೊತೆಗೆ ಇನ್ನೇನಿದೆ?" ಎಂದು ಕೇಳಿ, ಆ ಸೀಸೆಯ ಮೇಲಿನ ಹೆಸರನ್ನು ಓದಿ.